ರಟ್ಟಿನ ಪೊಟ್ಟಣದ ಹಿಂದಿನ ಕೈ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿ ಕಣ್ಣು ತೆರೆಯುವ ಮೊದಲೇ ಎದ್ದು ಹಾಲು ಕಾಯಿಸಿ ಚಹಾ ಇಟ್ಟವರು ನಾವು. ಹಾಲು ಒಡೆದರೆ ಬೈಗುಳ ಯಾರಿಗೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಗ ಅನೇಕ ಹೊಟೇಲುಗಳ ಅಡಿಗೆಮನೆಗೆ ರಟ್ಟಿನ ಪೊಟ್ಟಣದ ಹಾಲೂ ಬರುತ್ತದೆ. ಮುಚ್ಚಿದ್ದರೆ ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಕೆಡದು. "ಅದಕ್ಕೆ ಏನೋ ಔಷಧಿ ಬೆರೆಸುತ್ತಾರೆ" ಎನ್ನುವವರು ನಮ್ಮಲ್ಲಿದ್ದಾರೆ. ಅದು ತಪ್ಪು ತಿಳುವಳಿಕೆ.

ಹಾಲನ್ನು 135ರಿಂದ 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವೇ ಸೆಕೆಂಡು ಕಾಯಿಸಿ ಕೂಡಲೇ ತಣಿಸುತ್ತಾರೆ. ಕ್ರಿಮಿಗಳು ಸತ್ತವು, ಹೊಸವು ಒಳಹೊಗದಂತೆ ತುಂಬುವುದೇ ಉಳಿದ ಕೆಲಸ. ಪೊಟ್ಟಣದ ಹಾಳೆಯಲ್ಲಿ ಮೂರು ವಸ್ತುಗಳಿವೆ. ಗಟ್ಟಿತನಕ್ಕೆ ರಟ್ಟು. ತೇವ ತಡೆಯಲು, ಬಿಸಿಗೆ ಕರಗಿ ಬೆಸೆಯಲು ಪಾಲಿಥಿನ್. ಬೆಳಕು, ಗಾಳಿ ತಡೆಯಲು ತಲೆಗೂದಲಿಗಿಂತಲೂ ತೆಳುವಾದ ಅಲ್ಯೂಮಿನಿಯಂ.

ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಆ ಯಂತ್ರ ಬೇಗ ಅರ್ಥವಾದೀತು. ಹಾಳೆ ಬಟ್ಟೆಯಂತೆ ಸುರುಳಿಯಾಗಿ ಬರುತ್ತದೆ. ಹೈಡ್ರೋಜನ್ ಪೆರಾಕ್ಸೈಡಿನಿಂದ ಕ್ರಿಮಿ ಕಳೆದುಕೊಂಡು, ಬಿಸಿಗಾಳಿಗೆ ಒಣಗಿ, ಉದ್ದನೆಯ ಕೊಳವೆಯಾಗಿ ಕೆಳಗಿಳಿಯುತ್ತದೆ. ಅದರೊಳಗೆ ಹಾಲು ಸುರಿಯುತ್ತಿರುವಾಗಲೇ, ಹಾಲಿನ ಮಟ್ಟಕ್ಕಿಂತ ಕೆಳಗೆ, ಯಂತ್ರದ ದವಡೆಗಳು ಕೊಳವೆಯನ್ನು ಒತ್ತಿ ಬೆಸೆದು ಕತ್ತರಿಸುತ್ತವೆ. ಆದ್ದರಿಂದ ಒಳಗೆ ಗಾಳಿಗೆ ಎಡೆಯಿಲ್ಲ. ಆದರೂ ಪಾಳಿಯ ಕೆಲಸಗಾರ ಆಗಾಗ ಒಂದೊಂದು ಪೊಟ್ಟಣ ಬಿಚ್ಚಿ, ಬೆಸುಗೆಯನ್ನು ಎಳೆದು ನೋಡಲೇಬೇಕು. ಒಂದು ಬೆಸುಗೆ ಸಡಿಲವಾದರೆ ಉಳಿದೆಲ್ಲ ಶ್ರಮ ವ್ಯರ್ಥ.

ಇದು ಹುಟ್ಟಿದ್ದು ಸ್ವೀಡನ್ ದೇಶದ ಲುಂಡ್ ಪಟ್ಟಣದಲ್ಲಿ. ರೂಬೆನ್ ರೌಸಿಂಗ್ ಎಂಬವರ ಕಂಪೆನಿಯಲ್ಲಿ ಎರಿಕ್ ವಾಲೆನ್‌ಬರ್ಗ್ ಎಂಬ ಪ್ರಯೋಗಾಲಯದ ನೌಕರನಿದ್ದ. ಕಾಗದದ ಕೊಳವೆಯನ್ನು ಒಮ್ಮೆ ಅಡ್ಡಕ್ಕೆ, ಒಮ್ಮೆ ಉದ್ದಕ್ಕೆ ಒತ್ತಿದರೆ ನಾಲ್ಕು ಮುಖದ ಪೊಟ್ಟಣವಾಗುತ್ತದೆ ಎಂದು 1944ರಲ್ಲಿ ಅವನಿಗೆ ಹೊಳೆಯಿತು. ಹಾಲಿನ ಮಟ್ಟದ ಕೆಳಗೇ ಬೆಸೆಯುವ ಉಪಾಯ ರೌಸಿಂಗರ ಪತ್ನಿ ಎಲಿಜಬೆತ್ ಅವರದೆನ್ನುತ್ತಾರೆ. 1951ರಲ್ಲಿ ಟೆಟ್ರಾ ಪ್ಯಾಕ್ ಕಂಪೆನಿ ಸ್ಥಾಪನೆಯಾಯಿತು. ಮರುವರ್ಷ ಮೊದಲ ಯಂತ್ರ ಲುಂಡ್‌ನ ಡೈರಿಗೆ ಹೋಯಿತು. ನಮಗೆ ಪರಿಚಿತವಾದ ಇಟ್ಟಿಗೆಯಾಕಾರ ಬಂದದ್ದು 1963ರಲ್ಲಿ.

ಪೇಟೆಂಟು ಮಾತ್ರ ಮಾಲಿಕರ ಹೆಸರಿನಲ್ಲಾಯಿತು. ವಾಲೆನ್‌ಬರ್ಗನಿಗೆ ಸ್ವೀಡನ್ನಿನ ಎಂಜಿನಿಯರಿಂಗ್ ವಿಜ್ಞಾನಗಳ ಅಕಾಡೆಮಿ ಚಿನ್ನದ ಪದಕ ಕೊಟ್ಟದ್ದು 1991ರಲ್ಲಿ. ನಲವತ್ತೇಳು ವರ್ಷ! ಬುದ್ಧಿ ಓಡಿಸಿದವನ ಹೆಸರು ಬೆಳಕಿಗೆ ಬರಲು ಇಷ್ಟು ಕಾಲ ಹಿಡಿಯಿತು.

ಇದನ್ನು ಇಂದು ಏಕೆ ಹೇಳಿದೆವು? ನಾವು ದುಡಿದ ಒಂದು ಹೊಟೇಲಿನಲ್ಲಿ, ಉಬ್ಬಿದ ಪೊಟ್ಟಣವನ್ನು ಬಳಸದೆ ಬದಿಗಿಟ್ಟ ಹುಡುಗನ ಸಂಬಳದಿಂದ ಅದರ ಬೆಲೆ ಮುರಿದರು. ಹುಡುಗ ಸರಿಯಾದುದನ್ನೇ ಮಾಡಿದ್ದ. ಉಬ್ಬಿದೆಯೆಂದರೆ ಒಳಗೆ ಕ್ರಿಮಿ ಬೆಳೆದಿರಬಹುದು. ಅದು ಗಿರಾಕಿಯ ಹೊಟ್ಟೆಗೆ ಹೋಗಕೂಡದು. ಆದರೆ ಅವನಿಗೆ ಹಾಗೆಂದು ವಿವರಿಸಲು ತಿಳಿಯಲಿಲ್ಲ. ಪಕ್ಕದಲ್ಲಿದ್ದ ನಾವೂ ಬಾಯಿ ಬಿಡಲಿಲ್ಲ. ಆ ನಾಚಿಕೆ ಇಂದಿಗೂ ನಮಗಿದೆ.

ಆದ್ದರಿಂದ ಬಂಧುಗಳೇ, ತಾರೀಕು ಓದಿರಿ. ಉಬ್ಬಿದ, ಸೋರುವ ಪೊಟ್ಟಣ ಬಳಸಬೇಡಿರಿ. ಒಮ್ಮೆ ಕತ್ತರಿಸಿದ ಮೇಲೆ ಅದೂ ಸಾಮಾನ್ಯ ಹಾಲೇ. ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿರಿ. ನಿಮ್ಮ ಜತೆಯ ಹುಡುಗನೊಬ್ಬ "ಇದು ಕೆಟ್ಟಿದೆ" ಎಂದಾಗ ಅವನ ಪಕ್ಕದಲ್ಲಿ ನಿಂತು, ಕಾರಣವನ್ನು ಮಾಲಿಕರಿಗೆ ಬಿಡಿಸಿ ಹೇಳಿರಿ. ಕೆಲಸ ಬಲ್ಲವನ ಮಾತಿಗೆ ಬೆಲೆ ಬರಲು ಇನ್ನೊಂದು ನಲವತ್ತೇಳು ವರ್ಷ ಕಾಯುವುದು ಬೇಡ.