ಮೈಕಿನ ವೈರು ಮತ್ತು ಮೂರನೆಯ ಪಿನ್ನು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ನಮ್ಮ ಬ್ಯಾಚಿನವರು ಶಾಲೆಗೆ ಕೊಟ್ಟ ಮೈಕ್‌ಸೆಟ್ಟಿನಲ್ಲೇ ಈಗ ಮಾತನಾಡುತ್ತಿದ್ದೇನೆ. ಸ್ಪೀಕರ್, ಮಿಕ್ಸರ್ ಆರಿಸಿದ್ದು ಬೇರೆಯವರು. ವೈರು ತರುವ ಕೆಲಸ ನನ್ನ ಪಾಲಿಗೆ ಬಂತು. ಸಾಫ್ಟ್‌ವೇರಿನವನಿಗೆ ವೈರಿನ ಬಗ್ಗೆ ಏನು ಗೊತ್ತು ಎಂದು ಗೆಳೆಯರು ನಕ್ಕರು. ಓದಿದ್ದು ಎಲೆಕ್ಟ್ರಾನಿಕ್ಸ್ ಬಿ.ಇ., ಮುಕ್ಕಾಲು ಮರೆತಿದ್ದೇನೆ. ಆದರೆ ವೈರಿನ ವಿಷಯದಲ್ಲಿ ನನ್ನ ಮೇಲೊಂದು ಹಳೆಯ ಸಾಲವಿದೆ.

ನಾವು ಹತ್ತನೇ ತರಗತಿಯಲ್ಲಿದ್ದಾಗಿನ ವಾರ್ಷಿಕೋತ್ಸವ. ಬಾಡಿಗೆಗೆ ತಂದ ಕೀಬೋರ್ಡಿಗೆ ಒಂದು ಸಣ್ಣ ಆಂಪ್ಲಿಫೈಯರು, ಮೈಕಿಗೆ ಇನ್ನೊಂದು. ಎರಡನ್ನೂ ಜೋಡಿಸಿದ ಕೂಡಲೇ ಗುಂಯ್ ಎಂಬ ಸದ್ದು. ಯಾರಿಂದಲೋ ಕೇಳಿದ್ದ ಉಪಾಯ ನೆನಪಾಗಿ ಎರಡೂ ಪ್ಲಗ್ ಬಿಚ್ಚಿ ಅರ್ತ್ ವೈರು ಕಿತ್ತೆ. ಸದ್ದು ನಿಂತಿತು, ಬೆನ್ನು ತಟ್ಟಿದರು. ಹಾಡಲು ಬಂದ ನಮ್ಮ ತರಗತಿಯ ಹುಡುಗಿ ತುಟಿ ಮೈಕಿಗೆ ತಾಗಿದ್ದೇ ಚಿಟ್ಟನೆ ಹಿಂದೆ ಸರಿದಳು. ಸಭೆಗೆ ಹೆದರಿದಳೆಂದು ನಾವೆಲ್ಲ ನಕ್ಕೆವು.

ಅರ್ತ್ ಇಲ್ಲದ ಆಂಪ್ಲಿಫೈಯರಿನ ಲೋಹದ ಪೆಟ್ಟಿಗೆಗೆ ಕರೆಂಟು ಸೋರಿದರೆ, ಅದು ಮೈಕ್ ವೈರಿನ ಹೊರಜಾಲರಿ ಹಿಡಿದು ಹಾಡುವವರ ಬಾಯಿಯವರೆಗೂ ಬರುತ್ತದೆ. ಕಾಲೇಜಿನಲ್ಲಿ ಇದು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದು ಸೋರಿದ್ದು ಸ್ವಲ್ಪ. ಆಕೆ ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾಳೆ. ತಪ್ಪಾಯಿತು ಮಾರಾಯ್ತಿ. ಎರಡೂ ಆಂಪ್ಲಿಫೈಯರುಗಳಿಗೆ ಒಂದೇ ಬೋರ್ಡಿನಿಂದ ಕರೆಂಟು ಕೊಟ್ಟಿದ್ದರೆ ಬಹುಶಃ ಆ ಸದ್ದೇ ಬರುತ್ತಿರಲಿಲ್ಲ.

ಈಗ ತಂದಿರುವ ವೈರಿಗೆ ಬರುತ್ತೇನೆ. ಮೈಕಿನಿಂದ ಹೊರಡುವುದು ವೋಲ್ಟಿನ ಸಾವಿರದಲ್ಲಿ ಕೆಲವೇ ಪಾಲು. ಇಲ್ಲಿಂದ ಮಿಕ್ಸರಿಗೆ 30 ಮೀಟರ್. ದಾರಿಯಲ್ಲಿ ಟ್ಯೂಬ್‌ಲೈಟು, ಫ್ಯಾನು, 50 ಹರ್ಟ್ಸ್ ಕರೆಂಟಿನ ತಂತಿಗಳು. ಅದಕ್ಕೇ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವೈರು. ಒಂದು ಪಿನ್ನು ಜಾಲರಿಗೆ. ಉಳಿದೆರಡು ತಂತಿಗಳ ನಡುವೆ ಹಾಡು, ಒಂದರಲ್ಲಿ ಅಧಿಕವಾದರೆ ಇನ್ನೊಂದರಲ್ಲಿ ಋಣ. ದಾರಿಯಲ್ಲಿ ಅಂಟುವ ಗುಂಯ್ ಎರಡಕ್ಕೂ ಒಂದೇ ಥರ ಅಂಟುತ್ತದೆ. ಮಿಕ್ಸರು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ: ಗುಂಯ್ ಸೊನ್ನೆ, ಹಾಡು ಇಮ್ಮಡಿ. ಋಣದಿಂದ ಋಣ ಕಳೆದರೆ ಕೂಡುವುದೇ ಎಂದು ಕಿವಿ ಹಿಂಡಿ ಕಲಿಸಿದ ನಮ್ಮ ಗಣಿತದ ಮೇಷ್ಟ್ರು ನಗುತ್ತಿದ್ದಾರೆ ನೋಡಿ.

ಕೀಬೋರ್ಡಿನ ವೈರಿನಲ್ಲಿ ಈ ಅನುಕೂಲವಿಲ್ಲ, ಒಂದು ತಂತಿ ಮತ್ತು ಜಾಲರಿ ಅಷ್ಟೆ. ಆದ್ದರಿಂದ ಅದನ್ನು 5 ಮೀಟರಿಗೆ ನಿಲ್ಲಿಸಿ, ವೇದಿಕೆಯ ಮೇಲೆಯೇ ಡಿಐ ಬಾಕ್ಸ್ ಎಂಬ ಪುಟ್ಟ ಡಬ್ಬಿಗೆ ಕೊಟ್ಟಿದ್ದೇನೆ. ಅಲ್ಲಿಂದ ಮುಂದೆ ಮೈಕಿನಂಥದೇ ವೈರು. ಮತ್ತೆ ಗುಂಯ್ ಎಂದರೆ ಆ ಡಬ್ಬಿಯಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ಚಿದೆ. ಅದು ಬಿಡಿಸುವುದು ಸದ್ದಿನ ವೈರಿನ ಗ್ರೌಂಡನ್ನು ಮಾತ್ರ, ಕರೆಂಟಿನ ಅರ್ತನ್ನಲ್ಲ. ಪ್ಲಗ್ಗಿನ ಮೂರನೇ ಪಿನ್ನಿಗೆ ಯಾರೂ ಕೈ ಹಾಕಬೇಡಿ.

ಸ್ಪೀಕರಿನ ವೈರು ಬೇರೆ. ಅದರಲ್ಲಿ ಹೆಚ್ಚು ಕರೆಂಟು ಹರಿಯುವುದರಿಂದ 2.5 ಚದರ ಮಿಲಿಮೀಟರಿನ ದಪ್ಪ ತಾಮ್ರ ಹಾಕಿದ್ದೇನೆ. ತುದಿ ಒಂದೇ ಥರ ಇದೆ ಎಂದು ಕೀಬೋರ್ಡಿನ ವೈರನ್ನು ಅಲ್ಲಿಗೆ ಸಿಕ್ಕಿಸಿದರೆ ವೈರು ಬಿಸಿಯಾಗಿ ಆಂಪ್ಲಿಫೈಯರೇ ಹೋದೀತು. ಎರಡಕ್ಕೂ ಬೇರೆ ಬಣ್ಣದ ಟೇಪು ಸುತ್ತಿದ್ದೇನೆ, ಕೆಂಪು ಸ್ಪೀಕರಿಗೆ.

ಅಂಗಡಿಯಲ್ಲಿ ಚಿನ್ನದ ಲೇಪದ ದುಬಾರಿ ವೈರನ್ನೂ ತೋರಿಸಿದರು. ಬೇಡವೆಂದೆ. ನಮ್ಮ ಶಾಲೆಗೆ ಬೇಕಾದದ್ದು ಸ್ಕ್ರೂ ಬಿಚ್ಚಿ ರಿಪೇರಿ ಮಾಡಬಹುದಾದ ಗಟ್ಟಿ ತುದಿ. ವೈರು ಸಾಮಾನ್ಯವಾಗಿ ತುಂಡಾಗುವುದು ಅಲ್ಲಿಯೇ. ಉಳಿದ ದುಡ್ಡಿನಲ್ಲಿ ಸೋಲ್ಡರಿಂಗ್ ಐರನ್ ಮತ್ತು ಒಂದು ಮಲ್ಟಿಮೀಟರ್ ಬಂತು. ಒಂಬತ್ತನೇ ತರಗತಿಯ ಮಕ್ಕಳೇ, ಊಟವಾದ ಮೇಲೆ ವಿಜ್ಞಾನದ ಕೋಣೆಗೆ ಬನ್ನಿ. ಹಳೆಯ ಎರಡು ವೈರು ಕತ್ತರಿಸಿ ಇಟ್ಟಿದ್ದೇನೆ, ನೀವೇ ಬೆಸೆಯಬೇಕು.