ಫ್ಲೂ ಜ್ವರವೂ ದುಡಿಮೆಯ ಸ್ಥಳವೂ



ಮಳೆಗಾಲದ ಒಂದು ಮುಂಜಾನೆ ಉಳ್ಳಾಲದಿಂದ ಹೊರಟು ನೇತ್ರಾವತಿಯ ಸೇತುವೆಯನ್ನು ದಾಟಿ ಮಂಗಳೂರಿಗೆ ಬರುವ ಬಸ್ಸನ್ನು ಮನಸ್ಸಿಗೆ ತಂದುಕೊಳ್ಳಿರಿ. ಇರಿಚಲು ಒಳಗೆ ಹೊಡೆಯದಂತೆ ಕಿಟಕಿಗಳೆಲ್ಲ ಮುಚ್ಚಿವೆ. ಗುಮಾಸ್ತರು, ಉಪಾಧ್ಯಾಯರು, ಅಂಗಡಿಗಳಲ್ಲಿ ದುಡಿಯುವವರು, ದಕ್ಕೆಗೆ ಹೋಗುವವರು ಒತ್ತೊತ್ತಾಗಿ ನಿಂತಿದ್ದಾರೆ. ಅವರಲ್ಲಿ ಒಬ್ಬನು ಕೆಮ್ಮುತ್ತಾನೆ. ಅವನ ಮೈ ಬಿಸಿಯಾಗಿದೆ. ಇವನು ಮನೆಯಲ್ಲಿ ಮಲಗಿರಬಾರದಾಗಿತ್ತೇ ಎಂದು ಪಕ್ಕದವರು ಮುಖ ತಿರುಗಿಸುತ್ತಾರೆ. ಅವನು ಮಲಗದೆ ಹೊರಟುಬಂದುದು ಏಕೆ ಎಂಬ ಪ್ರಶ್ನೆಯೇ ಈ ಹೊತ್ತಿನ ನನ್ನ ಭಾಷಣದ ವಿಷಯ.

ಇನ್‌ಫ್ಲುಯೆಂಜಾ, ಅಂದರೆ ಜನರ ಬಾಯಲ್ಲಿ ಫ್ಲೂ ಎನಿಸಿಕೊಂಡ ಈ ಜ್ವರವು, ನಮ್ಮ ದೇಶದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಾರಿ ತಲೆಯೆತ್ತುತ್ತದೆ: ಜನವರಿಯಿಂದ ಮಾರ್ಚಿಯವರೆಗೆ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ. ಇದಕ್ಕೆ ಕಾರಣವಾದ ವೈರಸ್ಸನ್ನು ಮನುಷ್ಯರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು 1933ರಲ್ಲಿ ಕಂಡುಹಿಡಿದರು. ರೋಗಿಯು ಕೆಮ್ಮಿದಾಗಲೂ ಸೀನಿದಾಗಲೂ ಮಾತನಾಡಿದಾಗಲೂ ಹೊರಬೀಳುವ ಸಣ್ಣ ಹನಿಗಳೇ ಇದರ ವಾಹನ. ಸೋಂಕು ತಗಲಿದ ಒಂದರಿಂದ ನಾಲ್ಕು ದಿನಗಳೊಳಗಾಗಿ ಜ್ವರವು ಕಾಣಿಸುತ್ತದೆ. ಲಕ್ಷಣಗಳು ತೋರುವುದಕ್ಕೆ ಒಂದು ದಿನ ಮೊದಲಿನಿಂದ ಹಿಡಿದು, ಅನಂತರ ಐದಾರು ದಿನಗಳವರೆಗೆ ರೋಗಿಯು ಇತರರಿಗೆ ರೋಗವನ್ನು ಹಂಚಬಲ್ಲನು. ಮೊದಲ ಮೂರು ನಾಲ್ಕು ದಿನಗಳಂತೂ ಹೆಚ್ಚು ಅಪಾಯದವು. ಜನರು ಹಟದಿಂದ ಎದ್ದು ಕೆಲಸಕ್ಕೆ ಹೋಗುವುದೂ ಆ ದಿನಗಳಲ್ಲಿಯೇ.

ದುಡಿಮೆಯ ಸ್ಥಳದಿಂದ ದುಡಿಮೆಯ ಸ್ಥಳಕ್ಕೆ ಈ ರೋಗವು ಹೇಗೆ ನಡೆಯುತ್ತದೆಂಬುದಕ್ಕೆ ನಮ್ಮ ಇದೇ ಪಶ್ಚಿಮ ಕರಾವಳಿಯಲ್ಲಿ ಒಂದು ಘೋರ ನಿದರ್ಶನವುಂಟು. 1918ರ ಜೂನ್ ತಿಂಗಳಲ್ಲಿ ಮುಂಬಯಿಯ ಏಳು ಮಂದಿ ಪೋಲೀಸು ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಅವರಲ್ಲೊಬ್ಬನು ಹಡಗುಕಟ್ಟೆಯ ಕಾವಲಿನವನು. ಅನಂತರ ಸರ್ಕಾರಿ ಹಡಗುಕಟ್ಟೆಯ ಕೆಲಸಗಾರರು, ಬಂದರಿನವರು, ಬ್ಯಾಂಕಿನವರು, ತಂತಿ ಕಛೇರಿಯವರು, ಟಂಕಸಾಲೆಯವರು, ಗಿರಣಿಯವರು ಒಬ್ಬರ ಹಿಂದೆ ಒಬ್ಬರು ಮಲಗಿದರು. ಆ ವರ್ಷದ ಮಳೆಗಾಲದ ಕೊನೆಗೆ ಎರಡನೆಯ ಅಲೆಯು ಎದ್ದು ದೇಶವನ್ನೆಲ್ಲ ವ್ಯಾಪಿಸಿತು. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಮಿಕ್ಕವರೆಂದು ತಿಳಿದವರು ಲೆಕ್ಕ ಹಾಕಿದ್ದಾರೆ. ವರ್ಷವರ್ಷವೂ ಬರುವ ಫ್ಲೂ ಅಷ್ಟು ಕ್ರೂರವಾದುದಲ್ಲ. ಆದರೆ ಅದು ಹಿಡಿಯುವ ದಾರಿ ಅದೇ.

ಇನ್ನು ಉಳ್ಳಾಲವನ್ನೇ ನೋಡೋಣ. ಇಲ್ಲಿಯೂ ಸುತ್ತಣ ಊರುಗಳಲ್ಲಿಯೂ ಅನೇಕ ಸ್ತ್ರೀಯರು ಮನೆಯಲ್ಲಿಯೇ ಕುಳಿತು, ಮಡಿಲಲ್ಲಿ ಮೊರವನ್ನಿಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಸಾವಿರಕ್ಕೆ ಇಷ್ಟೆಂದು ಮಜೂರಿ. ಕಟ್ಟದ ದಿನ ಮಜೂರಿಯಿಲ್ಲ. ಎಲೆ, ಹೊಗೆಸೊಪ್ಪು, ನೂಲು ತರುವುದಕ್ಕೂ ಕಟ್ಟಿದ ಬೀಡಿಯನ್ನು ಒಪ್ಪಿಸುವುದಕ್ಕೂ ಅವರು ಬ್ರಾಂಚಿಗೆ ಹೋಗಬೇಕು. ಅಲ್ಲಿ ಸಾಲಿನಲ್ಲಿ ನಿಲ್ಲಬೇಕು. ಕಡಲಿನ ಕಡೆಗೆ ತಿರುಗಿದರೆ, ಜೂನ್ ಜುಲೈ ತಿಂಗಳುಗಳ ನಿಷೇಧವು ಮುಗಿದು ಯಾಂತ್ರಿಕ ದೋಣಿಗಳು ಆಗಸ್ಟಿನಲ್ಲಿ ಹೊರಡುತ್ತವೆ. ಆಳಸಮುದ್ರಕ್ಕೆ ಹೋದವರು ಅನೇಕ ದಿನ ಒಂದೇ ಕಿರುಕೋಣೆಯಲ್ಲಿ ಉಂಡು ಮಲಗುತ್ತಾರೆ. ಇಂಥವರಿಗೆ ‘ಜ್ವರ ಬಂದರೆ ಮನೆಯಲ್ಲಿರಿ’ ಎಂದು ಉಪದೇಶಿಸುವುದು ಸುಲಭ. ಆದರೆ ಒಲೆಯ ಮೇಲಿನ ಪಾತ್ರೆ ಉಪದೇಶದಿಂದ ತುಂಬುವುದಿಲ್ಲ.

ಆದುದರಿಂದ ಎಲ್ಲಕ್ಕಿಂತ ಮೊದಲ ಎಚ್ಚರಿಕೆಯು ಯಜಮಾನನ ಕೈಯಲ್ಲಿದೆ. ಒಂದು ಕಛೇರಿಯಲ್ಲಿ ಹತ್ತು ಮಂದಿ ಇದ್ದಾರೆಂದು ಭಾವಿಸಿರಿ. ಜ್ವರ ಬಂದ ಒಬ್ಬನಿಗೆ ಸಂಬಳ ಹಿಡಿಯದೆ ಐದು ದಿನ ರಜೆ ಕೊಟ್ಟರೆ ಹೋಗುವುದು ಐದು ದಿನಗಳ ಕೆಲಸ. ಅವನು ಹೆದರಿ ಬಂದು ಇನ್ನು ಮೂವರಿಗೆ ಅಂಟಿಸಿದರೆ ಹೋಗುವುದು ಇಪ್ಪತ್ತು ದಿನಗಳದು. ರೋಗದ ದಿನಗಳಲ್ಲಿಯೂ ಕೆಲಸಗಾರನಿಗೆ ವೇತನದ ಒಂದು ಭಾಗವು ದೊರೆಯಬೇಕೆಂಬ ತತ್ತ್ವವನ್ನು ನಮ್ಮ ದೇಶವು 1948ರ ಕಾರ್ಮಿಕ ವಿಮೆಯ ಕಾಯಿದೆಯಲ್ಲಿಯೇ ಒಪ್ಪಿತು. ಕಾಯಿದೆಯು ಮುಟ್ಟದ ಕಡೆ ವಿವೇಕವು ಮುಟ್ಟಬೇಕು. ಬೀಡಿ ಬ್ರಾಂಚಿನವರು ಜ್ವರವಿರುವ ಮನೆಯವರು ಬರುವ ಗಡುವನ್ನು ಮುಂದಕ್ಕೆ ಹಾಕಬಹುದು, ಸಾಲಿನ ವೇಳೆಯನ್ನು ಹಂಚಿಕೊಡಬಹುದು, ಒಂದಿಷ್ಟು ಮುಂಗಡವನ್ನು ಕೊಡಬಹುದು. ದೋಣಿಯ ಒಡೆಯನು ಜ್ವರದವನನ್ನು ದಡದಲ್ಲಿ ಬಿಟ್ಟು, ಅವನ ಪಾಲಿನಲ್ಲಿ ಸ್ವಲ್ಪವನ್ನಾದರೂ ಉಳಿಸಬಹುದು.

ಎರಡನೆಯದು ಗಾಳಿ. ಮಳೆಯೆಂದು ಕಿಟಕಿಗಳನ್ನೆಲ್ಲ ಬಿಗಿಯುವುದು ತರವಲ್ಲ. ಗಾಳಿ ಬೀಸುವ ದಿಕ್ಕಿಗೆ ಎದುರಾದ ಕಿಟಕಿಯನ್ನು ಮುಚ್ಚಿದರೂ ಮರೆಯ ಕಡೆಯದನ್ನು ತೆರೆದಿಡಿರಿ. ಮೇಜುಗಳನ್ನು ಸ್ವಲ್ಪ ದೂರ ಸರಿಸಿರಿ.

ಮೂರನೆಯದು ಕೈ ಬಾಯಿಗಳ ಶುಚಿ. ಕೆಮ್ಮುವಾಗ ಕರವಸ್ತ್ರವನ್ನಾಗಲಿ ಮೊಣಕೈಯ ಮಡಿಕೆಯನ್ನಾಗಲಿ ಅಡ್ಡ ಹಿಡಿಯತಕ್ಕದ್ದು. ಕೈಯನ್ನು ಸಾಬೂನಿನಿಂದ ಇಪ್ಪತ್ತು ಸೆಕೆಂಡುಗಳಾದರೂ ತಿಕ್ಕಿ ತೊಳೆಯತಕ್ಕದ್ದು. ನೀರಿನ ತೊಟ್ಟಿಯ ಬಳಿ ಎಲ್ಲರಿಗೂ ಒಂದೇ ಬೈರಾಸು ನೇತಾಡುವುದು ಬೇಡ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ನಮ್ಮ ಹಿರಿಯರ ಪದ್ಧತಿಯು ಕಛೇರಿಯಲ್ಲಿಯೂ ಒಳ್ಳೆಯದೇ.

ನಾಲ್ಕನೆಯದು ಔಷಧದ ವಿವೇಕ. ವೈರಸ್ಸಿನ ಮೇಲೆ ಆ್ಯಂಟಿಬಯಾಟಿಕ್ ಮಾತ್ರೆಗಳು ನಡೆಯವು. ಇದಕ್ಕೇ ತಕ್ಕ ಔಷಧವಿದ್ದರೂ ಅದನ್ನು ವೈದ್ಯರ ಸಲಹೆಯಿಂದ ಮೊದಲ ಎರಡು ದಿನಗಳೊಳಗೆ ಆರಂಭಿಸಿದರೆ ಹೆಚ್ಚು ಪ್ರಯೋಜನ. ಈ ವೈರಸ್ಸು ಬಣ್ಣ ಬದಲಿಸುವುದರಿಂದ ಲಸಿಕೆಯನ್ನು ವರ್ಷವರ್ಷವೂ ಹಾಕಿಸಿಕೊಳ್ಳಬೇಕು. ವೃದ್ಧರೂ ಗರ್ಭಿಣಿಯರೂ ಉಬ್ಬಸ, ಹೃದ್ರೋಗ, ಸಿಹಿಮೂತ್ರರೋಗಗಳುಳ್ಳವರೂ ಮುಖ್ಯವಾಗಿ. ಉಸಿರು ಕಟ್ಟಿದರೆ, ಎದೆ ನೋಯುತ್ತಿದ್ದರೆ, ತುಟಿ ನೀಲಿಯಾದರೆ, ಇಳಿದ ಜ್ವರ ಮರಳಿ ಏರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಾತ್ರೆಯ ಬಲವಿಲ್ಲದೆ ಜ್ವರವು ಒಂದು ಪೂರ್ಣ ದಿನ ಬಿಟ್ಟಿದ್ದರೆ ಮಾತ್ರ ಮರಳಿ ಕೆಲಸಕ್ಕೆ ಬರುವುದು ಯುಕ್ತ.

ಕೆಮ್ಮಿದವನನ್ನೆಲ್ಲ ಸಂಶಯದಿಂದ ನೋಡಿ ದೂರಮಾಡುವುದು ಎಚ್ಚರಿಕೆಯಲ್ಲ. ಹಾಗೆ ಮಾಡಿದರೆ ರೋಗಿಯು ತನ್ನ ಜ್ವರವನ್ನು ಬಚ್ಚಿಡುತ್ತಾನೆ, ಬಚ್ಚಿಟ್ಟ ಜ್ವರವೇ ಬಹು ಮಂದಿಗೆ ಹರಡುತ್ತದೆ. ‘ನನಗೆ ಮೈ ಸರಿಯಿಲ್ಲ’ ಎಂಬ ಮಾತನ್ನು ದುಡಿಯುವವನು ಅಂಜದೆ ಆಡಬಲ್ಲ ಕಛೇರಿ, ಕಾರ್ಖಾನೆ, ಅಂಗಡಿಗಳಲ್ಲಿ ಉಳಿದ ಎಚ್ಚರಿಕೆಗಳೆಲ್ಲ ಫಲಿಸುತ್ತವೆ. ಆ ಮಾತು ನಿಮ್ಮಲ್ಲಿಗೆ ಬಂದಾಗ, ‘ಮನೆಗೆ ಹೋಗು, ಕೆಲಸವನ್ನು ನಾವು ನೋಡಿಕೊಳ್ಳುತ್ತೇವೆ’ ಎನ್ನಿರಿ.