ಲುಕ್ರೀಷಿಯಾ ಮಾಟ್: ಒಂದು ಭಾವಚಿತ್ರ, ಒಂದು ಪ್ರಶ್ನೆ



ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿ ಜೋಸೆಫ್ ಕೈಲ್ ಎಂಬ ಕಲಾವಿದ 1842ರಲ್ಲಿ ರಚಿಸಿದ ತೈಲಚಿತ್ರವೊಂದಿದೆ. ತಲೆಗೆ ಬಿಳಿಯ ಟೊಪ್ಪಿಗೆ, ಹೆಗಲಿಗೆ ಸರಳವಾದ ಶಾಲು, ಆಭರಣವಿಲ್ಲ, ಆಡಂಬರವಿಲ್ಲ. ಚೌಕಟ್ಟಿನೊಳಗಿರುವವರು ಲುಕ್ರೀಷಿಯಾ ಮಾಟ್. ಭಾವಚಿತ್ರ ಬರೆಯಿಸಿಕೊಳ್ಳುವುದನ್ನೇ ಅಹಂಕಾರವೆಂದು ಶಂಕಿಸುತ್ತಿದ್ದ ಕ್ವೇಕರ್ ಪಂಥದವರು.

1793ರಲ್ಲಿ ಅಮೆರಿಕದ ನಾಂಟಕೆಟ್ ದ್ವೀಪದಲ್ಲಿ ಜನಿಸಿದ ಆಕೆ, ಶಾಲೆಯಲ್ಲಿ ಕಲಿಯುವಾಗಲೇ ಒಂದು ಅನ್ಯಾಯವನ್ನು ಗುರುತಿಸಿದರು. ಹುಡುಗ ಹುಡುಗಿಯರಿಗೆ ಶುಲ್ಕ ಒಂದೇ. ಕಲಿಸುವ ಸ್ತ್ರೀಗೆ ಮಾತ್ರ ಪುರುಷನಿಗಿಂತ ಬಹಳ ಕಡಿಮೆ ಸಂಬಳ. ಆಯವ್ಯಯದ ಆ ವ್ಯತ್ಯಾಸವೇ ಅವರ ಬಾಳಿನ ಮೊದಲ ಪಾಠವಾಯಿತು.

1821ರಲ್ಲಿ ಕ್ವೇಕರರು ಆಕೆಯನ್ನು ಧರ್ಮೋಪದೇಶಕಿಯೆಂದು ಮಾನ್ಯ ಮಾಡಿದರು. ಗುಲಾಮರ ದುಡಿಮೆಯಿಂದ ಬಂದ ಹತ್ತಿಯನ್ನೂ ಕಬ್ಬಿನ ಸಕ್ಕರೆಯನ್ನೂ ಆಕೆ ಮನೆಗೆ ತರಲಿಲ್ಲ. ಪತಿ ಜೇಮ್ಸ್ ಮಾಟ್ ಲಾಭ ತರುತ್ತಿದ್ದ ಹತ್ತಿಯ ವ್ಯಾಪಾರವನ್ನು ತ್ಯಜಿಸಿ ಉಣ್ಣೆಯ ವ್ಯಾಪಾರ ಹಿಡಿದರು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯ ಹಿಂಸೆಯನ್ನು ಬಾಲ್ಯದಿಂದಲೇ ಕೇಳಿ ಬೆಳೆದ ವಣಿಕ ಸಮಾಜಕ್ಕೆ ಇದರ ಅರ್ಥವನ್ನು ವಿವರಿಸಬೇಕಿಲ್ಲ. ಚಾಟಿ ಹಿಡಿದವನಷ್ಟೇ ಅಲ್ಲ, ಆ ಬೆಳೆಯನ್ನು ಅಗ್ಗಕ್ಕೆ ಕೊಂಡವನೂ ಪಾಲುದಾರನೇ.

1833ರಲ್ಲಿ ಫಿಲಡೆಲ್ಫಿಯಾದಲ್ಲಿ ಸ್ತ್ರೀಯರ ಗುಲಾಮಗಿರಿ ವಿರೋಧಿ ಸಂಘ ಸ್ಥಾಪನೆಯಾಯಿತು. ಸ್ಥಾಪಕರಲ್ಲಿ ಮಾಟ್ ಒಬ್ಬರು. 1838ರ ಮೇ ತಿಂಗಳಲ್ಲಿ ಪೆನ್ಸಿಲ್ವೇನಿಯಾ ಹಾಲ್ ಎಂಬ ಹೊಸ ಸಭಾಭವನವನ್ನು ಉದ್ಘಾಟನೆಯಾದ ಮೂರೇ ದಿನಗಳಲ್ಲಿ ಉದ್ರಿಕ್ತ ಜನರು ಸುಟ್ಟುಹಾಕಿದರು. ಮರುದಿನವೇ ಸ್ತ್ರೀಯರು ಶಾಲೆಯೊಂದರಲ್ಲಿ ಸೇರಿ ಸಭೆ ಮುಂದುವರಿಸಿದರು.

ಆದರೆ ನೋವಿನ ಪೆಟ್ಟು ಬಿದ್ದದ್ದು ಸ್ವಪಕ್ಷದಿಂದಲೇ. 1840ರಲ್ಲಿ ಲಂಡನ್ನಿನ ವಿಶ್ವ ಗುಲಾಮಗಿರಿ ವಿರೋಧಿ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಹೋದ ಆಕೆಗೆ, ಸ್ತ್ರೀ ಎಂಬ ಕಾರಣಕ್ಕೆ ಆಸನ ದೊರೆಯಲಿಲ್ಲ. ಮನುಷ್ಯನ ಬಿಡುಗಡೆಗಾಗಿ ನೆರೆದ ಸಜ್ಜನರೇ ಸ್ತ್ರೀಯರನ್ನು ಕಟಕಟೆಯ ಆಚೆ ಕೂರಿಸಿ, ಕೇವಲ ಕೇಳಲು ಬಿಟ್ಟರು. ಅಲ್ಲಿ ಪರಿಚಯವಾದ ಎಲಿಜಬೆತ್ ಕೇಡಿ ಸ್ಟಾಂಟನ್ ಮೊದಲಾದವರೊಡನೆ ಸೇರಿ 1848ರ ಜುಲೈಯಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ಮಹಿಳಾ ಹಕ್ಕುಗಳ ಸಮಾವೇಶ ನಡೆಸಿದರು. ಘೋಷಣೆಗೆ 68 ಸ್ತ್ರೀಯರೂ 32 ಪುರುಷರೂ ಸಹಿ ಮಾಡಿದರು. 1880ರಲ್ಲಿ ಮಾಟ್ ತೀರಿಕೊಂಡಾಗಲೂ ಅಮೆರಿಕದ ಸಂವಿಧಾನದಲ್ಲಿ ಸ್ತ್ರೀಯರ ಮತಾಧಿಕಾರಕ್ಕೆ ಸ್ಥಾನವಿರಲಿಲ್ಲ. ಅದು ದೊರೆತದ್ದು 1920ರಲ್ಲಿ.

ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ನಾಲ್ಕು ಅಂಗಗಳಿಂದಲೇ ಸಂಘ ಪೂರ್ಣವೆಂದು ಜೈನ ಪರಂಪರೆ ಸಾರುತ್ತದೆ. ಹೀಗಿರುವಾಗ ಬಸದಿಯ ಪೂಜೆಗೆ, ಪರ್ಯುಷಣದ ಅಡುಗೆಗೆ, ದಾನಕ್ಕೆ ಮೊದಲು ಕೈಚಾಚುವ ಶ್ರಾವಿಕೆ, ಟ್ರಸ್ಟಿನ ಲೆಕ್ಕಪತ್ರ ಮಂಡನೆಯಾಗುವ ದಿನ ಎಲ್ಲಿ ಕುಳಿತಿರುತ್ತಾಳೆ? ನಿರ್ಣಯದ ಮೇಜಿನ ಬಳಿಯೋ, ಕಟಕಟೆಯ ಆಚೆಯೋ? ಗತಿಸಿದ ದಾನಿಯ ಭಾವಚಿತ್ರವನ್ನು ಸಭಾಭವನದ ಗೋಡೆಗೆ ತೂಗುಹಾಕಿ ಹಾರ ಹಾಕುವುದು ಸುಲಭ. ಬದುಕಿರುವ ಸೋದರಿಗೆ ಅದೇ ಸಭೆಯಲ್ಲಿ ಒಂದು ಕುರ್ಚಿ ಹಾಕುವುದು ಕಷ್ಟ. ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಮೊದಲನೆಯದಾಗಿ ಬರಲಿ.